ಮಗ್ಗದ ಮನೆ ಗೋಡೆಯ ತಾರೀಖು

ಕಳೆದ ಗುರುವಾರ ನನಗೊಂದು ಪೋಸ್ಟ್‌ಕಾರ್ಡ್ ಬಂತು. ಪೆನ್ಸಿಲಿನಲ್ಲಿ ಬರೆದದ್ದು.

‘ಸಾರ್, ಯೇಸುಸ್ವಾಮಿ ಬರೋ ತಾರೀಖಿನ ಬಗ್ಗೆ ನೀವು ಪೇಪರ್‌ನಲ್ಲಿ ಬರೆದಿದ್ದು ಓದಿದೆ. ಅದು ಹಂಗಲ್ಲ. ಈ ಭಾನುವಾರ ಸಾಮುವೇಲಪ್ಪನೋರನ್ನ ಸಭೆ ನಡೆಸೋದರಿಂದ ಇಳಿಸ್ತಾರೆ. ಅಷ್ಟರೊಳಗೆ ಬಂದು ನಮ್ಮ ಗೋಡೆ ನೋಡ್ರಿ. ಇಂತಿ ರೂತಮ್ಮ, ಮಗ್ಗದ ಮನೆ, ಮೊಳಕಾಲ್ಮೂರು.’

ಗೋಡೆ? ಯಾವ ಗೋಡೆ?

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ನಾನು ಬರೆದದ್ದು ನಿಮಗೆ ನೆನಪಿರಬಹುದು. (ನಿಮ್ಮ ನೆನಪು ನನ್ನದಕ್ಕಿಂತ ಚೆನ್ನಾಗಿರಲಿ.) ತೊಂಬತ್ತೊಂಬತ್ತರ ಕೊನೆಯಲ್ಲಿ ಮೊಳಕಾಲ್ಮೂರಿನ ಒಬ್ಬ ಉಪದೇಶಿ, ಡಿಸೆಂಬರ್ ಮೂವತ್ತೊಂದಕ್ಕೆ ಕ್ರಿಸ್ತ ಮರಳಿ ಬರುತ್ತಾನೆಂದು ಸಾರಿದರು. ಅದನ್ನು ನಂಬಿ ರೇಷ್ಮೆ ಸೀರೆ ನೇಯುವ ಹೆಂಗಸೊಬ್ಬಳು ಮಗ್ಗ ನಿಲ್ಲಿಸಿದಳು. ಜನವರಿ ಒಂದು ಬಂತು. ‘ಯೇಸುವೂ ಬರಲಿಲ್ಲ, ಸೀರೆಯೂ ಬರಲಿಲ್ಲ’ ಎಂದು ಮುಗಿಸಿದ್ದೆ. ಆ ಸಾಲನ್ನು ನಾನೇ ಎರಡು ಸಲ ಓದಿ ಮೆಚ್ಚಿಕೊಂಡಿದ್ದೆ. ಚಳ್ಳಕೆರೆಯ ನಾಲ್ಕೈದು ಮಂದಿ ಫೋನ್ ಮಾಡಿ ‘ಚೆನ್ನಾಗಿ ಬಾರಿಸಿದ್ರಿ ಬಿಡಿ’ ಎಂದಿದ್ದರು.

ಉಪದೇಶಿಯ ಹೆಸರು ಬರೆದಿರಲಿಲ್ಲ. ಅದು ನನ್ನ ಸಭ್ಯತೆ ಎಂದುಕೊಂಡಿದ್ದೆ. ಆದರೆ ಆಕೆಯ ಬೀದಿಯಲ್ಲಿ ಉಪದೇಶಿ ಇರುವುದೇ ಒಬ್ಬರು. ನಿವೃತ್ತ ಪ್ರೈಮರಿ ಮೇಷ್ಟ್ರು ಸಾಮುವೇಲಪ್ಪ. ಇಪ್ಪತ್ತು ಮನೆಗಳ ಪುಟ್ಟ ಸಭೆಗೆ ಭಾನುವಾರದ ಪ್ರಾರ್ಥನೆ ನಡೆಸುವವರು. ಒಬ್ಬರೇ ಇದ್ದಾಗ ಹೆಸರು ಯಾಕೆ ಬೇಕು?

ಕಾರ್ಡನ್ನು ಮಡಚಿ ಜೇಬಿಗಿಟ್ಟೆ. ಮತ್ತೆ ತೆಗೆದೆ. ‘ಅದು ಹಂಗಲ್ಲ’ ಅಂದರೇನು? ನಾನು ಕಣ್ಣಾರೆ ಕಂಡವನು. ಆ ವರ್ಷ ನಮ್ಮ ಕಾಲೇಜಿನ ಹುಡುಗರನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸಿ, ವಾಪಸ್ ಬರುವಾಗ ಮೊಳಕಾಲ್ಮೂರಿನ ಒಂದು ಮಗ್ಗದ ಮನೆಗೆ ಹೊಕ್ಕಿದ್ದೆವು. ಸಾಮುವೇಲಪ್ಪನವರೂ ಅಲ್ಲಿದ್ದರು. ಬಿಳಿ ಶರ್ಟು. ಜೇಬಿನ ಹತ್ತಿರ ನೀಲಿ ಇಂಕಿನ ಕಲೆ. ಬೆರಳೆತ್ತಿ ‘ಡಿಸೆಂಬರ್ ಮೂವತ್ತೊಂದು!’ ಎಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗ್ಗ ನಿಂತ ಸುದ್ದಿಯನ್ನು ಆಮೇಲೆ ಆ ಊರಿನ ವಿದ್ಯಾರ್ಥಿಯೊಬ್ಬ ಹೇಳಿದ್ದ.

ಆದರೆ ಈಚೆಗೆ ಕಣ್ಣಿಗೆ ಕಟ್ಟಿದ್ದನ್ನೂ ನಂಬುವ ಧೈರ್ಯ ನನಗಿಲ್ಲ. ನಮ್ಮ ಮದುವೆಯ ದಿನ ಮಳೆ ಬಂದಿತ್ತು ಎಂದು ಹದಿನೈದು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದೆ. ಹೋದ ತಿಂಗಳು ಆಲ್ಬಮ್ ತೆಗೆದು ನೋಡಿದರೆ ಒಬ್ಬರ ಕೈಯಲ್ಲೂ ಕೊಡೆಯಿಲ್ಲ. ಬಿಸಿಲಿಗೆ ಎಲ್ಲರ ಕಣ್ಣೂ ಸಣ್ಣಗಾಗಿವೆ. ಮಳೆ ಬಂದದ್ದು ನನ್ನ ಹೆಂಡತಿಯ ಅಕ್ಕನ ಮದುವೆಗಂತೆ. (ಚಳ್ಳಕೆರೆಯಲ್ಲಿ ಮಳೆ ಬಂದ ಮದುವೆಯನ್ನು ಯಾರೂ ಮರೆಯುವುದಿಲ್ಲ. ಯಾರ ಮದುವೆ ಎಂಬುದನ್ನು ಮರೆಯಬಹುದು.)

ಮೊಳಕಾಲ್ಮೂರಿಗೆ ಹೋಗಿಬರೋಣವೆಂದರೆ ಸ್ಕೂಟರ್ ರಹಮತ್‌ನ ಗ್ಯಾರೇಜಿನಲ್ಲಿತ್ತು. ಅವನಿಗೆ ವಿಷಯ ಹೇಳಿದೆ.

‘ಈಸಾ ಪೈಗಂಬರ್ ವಾಪಸ್ ಬರ್ತಾರೆ ಅಂತ ನಮ್ಮಲ್ಲೂ ಐತೆ ಸಾರ್’ ಎಂದ ರಹಮತ್, ಸ್ಪ್ಯಾನರಿನಿಂದ ತಲೆ ಎತ್ತದೆ.

‘ನಿಮ್ಮಲ್ಲೂನಾ? ಯಾವಾಗ?’

‘ಅದೆಲ್ಲಾ ಅಲ್ಲಾಗೆ ಗೊತ್ತು. ನಿಮ್ಮ ಸ್ಕೂಟರ್ ಯಾವತ್ತು ರೆಡಿ ಅಂತ ನಾನೇ ತಾರೀಖು ಕೊಡಲ್ಲ. ಈಸಾ ಬರೋ ತಾರೀಖು ಯಾರು ಕೊಡ್ತಾರೆ?’

ಹೀಗಾಗಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆ ಹಿಂದೆ ಬಿದ್ದರೂ ಮನಸ್ಸು ನಿಲ್ಲಲಿಲ್ಲ. ಮೂರು ಸಲ ಸೀಟು ಬದಲಿಸಿದೆ. ದಾರಿಯುದ್ದಕ್ಕೂ ಯೂನಿವರ್ಸಿಟಿಯಲ್ಲಿ ಕಲಿತ ವಾದವನ್ನು ಮತ್ತೆ ಜೋಡಿಸಿಕೊಂಡೆ. ತನ್ನ ಮಾತು ಕೇಳುತ್ತಿದ್ದ ತಲೆಮಾರು ಮುಗಿಯುವುದರೊಳಗೆ ತಾನು ಮರಳಿ ಬರುವುದು, ಲೋಕ ಮುಗಿಯುವುದು ಎಲ್ಲ ನಡೆಯುತ್ತದೆಂದು ಯೇಸು ಹೇಳಿದ ಎನ್ನುತ್ತಾರೆ. ಆ ತಲೆಮಾರು ಹೋಯಿತು. ಅದಾದ ಮೇಲೆ ಎಷ್ಟೋ ತಲೆಮಾರುಗಳು ಹೋದವು. ಅಷ್ಟಕ್ಕೂ ಆತ ಹೇಳಿದ್ದಾದರೂ ಏನು? ಬರೆದವರು ಬರೆದದ್ದು ಎಷ್ಟೋ ವರ್ಷಗಳ ನಂತರ, ನೆನಪಿನಿಂದ. ಮನುಷ್ಯರ ನೆನಪನ್ನು ಎಷ್ಟು ನಂಬುವುದು?

ಒಳ್ಳೆಯ ವಾದ. ಆದರೆ ಆ ಕೊನೆಯ ಪ್ರಶ್ನೆ ಅವತ್ತು ಯಾಕೋ ನನ್ನ ಕಡೆಗೇ ತಿರುಗಿ ಕೂತಿತ್ತು.

ರೂತಮ್ಮನಿಗೆ ನಲವತ್ತರ ಮೇಲೆ ವಯಸ್ಸು. ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತಿದ್ದವರು ನನ್ನನ್ನು ನೋಡಿ, ‘ದೇವುಡಾ! ಬಂದೇ ಬಿಟ್ರಾ!’ ಎಂದು ಎದ್ದರು.

‘ಗೋಡೆ ನೋಡು ಅಂದಿದ್ದಿರಲ್ಲ ಅಮ್ಮಾ...’

‘ಹಿಂದೆ ತಿರುಗ್ರಿ.’

ತಿರುಗಿದೆ. ಗೋಡೆಗೆಲ್ಲ ಅಚ್ಚ ಬಿಳಿ ಸುಣ್ಣ. ನಡುವೆ ಒಂದು ಪೇಪರಿನ ಅಗಲದಷ್ಟು ಮಾತ್ರ ಹಳೆಯ ಮಾಸಲು ಗೋಡೆ. ಅದರ ಮೇಲೆ ನೀಲಿ ಇಂಕಿನಲ್ಲಿ ಏನೇನೋ ಕೂಡುವ ಲೆಕ್ಕ. ಕೆಳಗೆ, ಎರಡು ಗೆರೆ ಎಳೆದು: 31-12-1999.

ಆ ಒಂಬತ್ತುಗಳನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ನನ್ನ ಒಂಬತ್ತು ಬಾಲ ಸುರುಳಿ ಸುತ್ತಿದ ನಾಯಿಯ ಹಾಗಿರುತ್ತದೆ ಎಂದು ಹುಡುಗರು ಕ್ಲಾಸಿನಲ್ಲಿ ನಗುತ್ತಾರೆ. ಅಲ್ಲಿ ಮೂರು ನಾಯಿಗಳು ಸಾಲಾಗಿ ನಿಂತಿದ್ದವು.

‘ಇದು... ನಾನು ಬರೆದದ್ದಾ?’

‘ಮತ್ತಿನ್ಯಾರು? ಬಿಳೀ ಶರ್ಟು ಹಾಕ್ಕೊಂಡು ಬಂದಿದ್ರಿ. ಪೆನ್ನು ಸೋರಿ ಜೇಬೆಲ್ಲಾ ನೀಲಿ ಆಗಿತ್ತು. ಸೋಪು ಕೊಡ್ಲಾ ಅಂತ ಕೇಳಿದ್ದೆ, ಬ್ಯಾಡ ಅಂದ್ರಿ.’

ಬಿಳಿ ಶರ್ಟು ನನ್ನದು. ಇಂಕಿನ ಕಲೆ ನನ್ನದು. ಎತ್ತಿದ ಬೆರಳೂ ನನ್ನದೇ.

ಒಂದೊಂದಾಗಿ ನೆನಪಾಯಿತು. (ನೆನಪಾಯಿತೋ, ಅವರು ಹೇಳಿದ ಮೇಲೆ ಮನಸ್ಸು ಹೊಸದಾಗಿ ಚಿತ್ರ ಬರೆದುಕೊಂಡಿತೋ, ಈಗ ಆಣೆ ಮಾಡಿ ಹೇಳಲಾರೆ.) ಸಾಮುವೇಲಪ್ಪ ಎದ್ದು ಹೋದ ಮೇಲೆ, ಯೇಸು ಬರುವ ದಿನ ಹೇಳುವವರು ಲೆಕ್ಕ ಹೇಗೆ ಹಾಕುತ್ತಾರೆಂದು ಹುಡುಗರಿಗೆ ತೋರಿಸಿ ನಗಿಸುತ್ತಿದ್ದೆ. ಗ್ರಂಥದಿಂದ ಒಂದು ಸಂಖ್ಯೆ, ಚರಿತ್ರೆಯಿಂದ ಒಂದು ಇಸವಿ, ನಡುವೆ ಒಂದು ಪ್ಲಸ್. ಉತ್ತರ ಮೊದಲೇ ಗೊತ್ತಿದ್ದರೆ ಯಾವ ಲೆಕ್ಕವೂ ಕಷ್ಟವಲ್ಲ. ‘ನೋಡಿ, ಅವತ್ತು ಬಂದೇ ಬರ್ತಾನೆ!’ ಎಂದು ಬೆರಳೆತ್ತಿದಾಗ ಟೀ ಲೋಟಗಳ ತಟ್ಟೆ ಹಿಡಿದು ರೂತಮ್ಮ ಒಳಗೆ ಬಂದಿದ್ದರು. ಅವರ ಕಿವಿಗೆ ಬಿದ್ದದ್ದು ಅಷ್ಟೇ. ತಮಾಷೆಯ ಮೊದಲರ್ಧ ಬಾಗಿಲಾಚೆ ಉಳಿದಿತ್ತು.

‘ನೀವು ಅದನ್ನ ನಂಬಿದ್ರಾ?’

‘ನಂಬದೇ? ಸಾಮುವೇಲಪ್ಪನೋರು ಯಾವತ್ತೂ ತಾರೀಖು ಹೇಳಿದೋರಲ್ಲ. ನೀವು ಕಾಲೇಜ್ ಸಾರು. ಲೆಕ್ಕ ಬೇರೆ ಮಾಡಿ ತೋರ್ಸಿದ್ರಿ!’

ಈಕೆ ಮಗ್ಗ ನಿಲ್ಲಿಸಿದ್ದು ನನ್ನಿಂದಲೇ?

ನೇಯ್ಗೆಯವರ ಮನೆಯಲ್ಲಿ ಒಂದು ಪದ್ಧತಿಯಿದೆ. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದ ನೂಲು, ಮುಗಿಯುವಾಗ ಅದರ ತುದಿಯನ್ನು ಮಗ್ಗದಿಂದ ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ಬಿಡುತ್ತಾರೆ. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಹಾಗಾಗಿ ಮಗ್ಗ ಎಂದೂ ಬರಿದಾಗುವುದಿಲ್ಲ. ಮುಗಿದದ್ದರ ತುದಿಯಲ್ಲೇ ಮುಂದಿನದು ಶುರು. ಆ ಡಿಸೆಂಬರಿನಲ್ಲಿ ರೂತಮ್ಮನ ಹಾಸು ಮುಗಿಯಿತು. ಹೊಸ ಹಾಸನ್ನು ಅವರು ಸುತ್ತಿ ಅಟ್ಟದ ಮೇಲಿಟ್ಟರು. ಲೋಕವೇ ಮುಗಿಯುವಾಗ ಮುಂದಿನ ಸೀರೆ ಯಾರಿಗೆ?

‘ತುದಿ ಕತ್ತರಿಸಿಬಿಡೋಣ ಅಂತ ಕತ್ತರಿ ತಗೊಂಡಿದ್ದೆ ಸಾರ್. ಅಷ್ಟೊತ್ತಿಗೆ ಸಾಮುವೇಲಪ್ಪನೋರು ಬಂದ್ರು. ಏನವ್ವಾ ಇದು ಅಂದ್ರು. ಗೋಡೆ ತೋರಿಸ್ದೆ. ಓದಿ ಎಷ್ಟು ನಕ್ರು ಅಂತೀರಿ! ಆಮ್ಯಾಕೆ, ಬರೋ ದಿನ ಯಾರಿಗೂ ಗೊತ್ತಿಲ್ಲ ರೂತಮ್ಮಾ, ಬಂದಾಗ ಸ್ವಾಮಿಗೆ ಖಾಲಿ ಮಗ್ಗ ತೋರಿಸ್ತೀಯಾ? ಅಂತ ಬೈದ್ರು. ಕತ್ತರಿ ಕಿತ್ಕೊಂಡ್ರು. ತಾವೇ ಕೂತು ಎರಡು ದಿನ ನನ್ ಜೊತೆ ಎಳೆ ಕೂಡಿಸಿದ್ರು. ಮೂವತ್ತೊಂದನೇ ತಾರೀಖು ಮಧ್ಯಾಹ್ನ ಕೊನೇ ಎಳೆ ಸೇರ್ತು.’

‘ಜನವರಿ ಒಂದಕ್ಕೆ?’

‘ನೇಯ್ದೆ. ಇನ್ನೇನು ಮಾಡ್ಲಿ?’

ನಾನು ಉಸಿರು ಬಿಟ್ಟೆ. ನಾಲ್ಕು ದಿನದಿಂದ ಹಿಡಿದಿಟ್ಟ ಉಸಿರು. ಆದರೆ ಪೂರ್ತಿ ಬಿಡುವ ಹಾಗಿರಲಿಲ್ಲ. ತಾರೀಖು ಹೇಳಿದವನು ನಾನು; ಅದನ್ನು ಬಿಡಿಸಿದವರು ಸಾಮುವೇಲಪ್ಪ. ಪೇಪರಿನಲ್ಲಿ ಬಂದದ್ದು ತಿರುಗಾಮುರುಗಾ.

‘ನೀವು ಸಭೆಯಲ್ಲಿ ಇದನ್ನ ಹೇಳಲಿಲ್ವಾ?’

‘ಹೇಳ್ದೆ. ನೀನು ಅವರ ಕಡೆಯೋಳು, ಸುಮ್ನಿರು ಅಂದ್ರು ಹಿರಿಯರು. ಪೇಪರ್‌ನಾಗೆ ಬಂದೈತಲ್ಲ ಅಂದ್ರು.’

ಎರಡು ಸಾವಿರ ವರ್ಷದ ಗ್ರಂಥವನ್ನು ನಾನು ನಂಬಲಿಲ್ಲ. ನನ್ನ ಮೂರು ವಾರದ ಲೇಖನವನ್ನು ಒಂದು ಸಭೆಯೇ ನಂಬಿತ್ತು. ಯಾರಿಗೆ ಹೇಳಿಕೊಳ್ಳಲಿ?

ಪ್ರಾರ್ಥನೆಯ ಮನೆ ಹಿಂದಿನ ಬೀದಿಯಲ್ಲಿ. ಚಾಪೆಗಳ ಮೇಲೆ ಜನ. ಹಾಡು ಮುಗಿದಿತ್ತು. ಗೋಡೆಗೊರಗಿ ಕೂತ ಸಾಮುವೇಲಪ್ಪನವರ ಶರ್ಟಿಗೆ ಜೇಬೇ ಇರಲಿಲ್ಲ. ಸಭೆಯ ಹಿರಿಯರು, ದಾನಿಯೇಲಪ್ಪ ಎಂದು ಹೆಸರು, ನನ್ನ ಲೇಖನವನ್ನು ಕತ್ತರಿಸಿ ಕೈಯಲ್ಲಿ ಹಿಡಿದಿದ್ದರು. ಭೂಕಂಪ, ಯುದ್ಧಗಳ ಸುದ್ದಿಯಲ್ಲಿ ಕ್ರಿಸ್ತ ಬರುವ ಗುರುತು ಹುಡುಕುವವರು ಈ ಸಭೆಯಲ್ಲೂ ಇದ್ದಾರೆ. ಆತ ಬರುವುದೆಂದರೆ ಮನಸ್ಸಿನೊಳಗೆ ಬರುವುದು ಎನ್ನುವ ಹುಡುಗರೂ ಇದ್ದಾರೆ. ಆದರೆ ದಿನ ಗೊತ್ತು ಮಾಡಿ ಹೇಳುವವನು ಸುಳ್ಳು ಪ್ರವಾದಿ ಎಂಬುದರಲ್ಲಿ ಎಲ್ಲರೂ ಒಂದೇ.

ನಾನು ಎದ್ದು ನಿಂತೆ. ‘ಆ ತಾರೀಖು ಹೇಳಿದ್ದು ಸಾಮುವೇಲಪ್ಪನವರಲ್ಲ, ನಾನು. ರೂತಮ್ಮನ ಗೋಡೆಯ ಮೇಲಿರೋದು ನನ್ನ ಕೈಬರಹ. ಪೇಪರಿನಲ್ಲಿ ಬರೆದದ್ದು ನನ್ನ ತಪ್ಪು.’

‘ಬರೆದೋರೇ ನೀವಾ?’ ಹಿರಿಯರು ಕನ್ನಡಕ ಏರಿಸಿದರು. ‘ಹಂಗಾದ್ರೆ ಸುಳ್ಳು ಪ್ರವಾದಿ ನೀವೇ ಅಂದಂಗಾತು.’

‘ಹೌದು.’

‘ನೀವು ವಿಶ್ವಾಸಿಗಳಾ?’

‘ಅಲ್ಲ. ನನಗೆ ದೇವರಲ್ಲೇ ನಂಬಿಕೆ ಇಲ್ಲ.’

ಹಿರಿಯರು ಲೇಖನದ ತುಂಡನ್ನು ನಾಲ್ಕು ಮಡಿಕೆ ಮಾಡಿದರು. ‘ಏನ್ರಪ್ಪಾ ಇದು! ಈ ಮನುಷ್ಯನ್ನ ಸಭೆಯಿಂದ ತೆಗೆಯೋಣ ಅಂದ್ರೆ ತೆಗೆಯೋಕೂ ಬರಂಗಿಲ್ಲ!’

ಮೊದಲು ನಕ್ಕದ್ದು ಹೆಂಗಸರ ಚಾಪೆ. ಆಮೇಲೆ ಎಲ್ಲರೂ. ಸಾಮುವೇಲಪ್ಪ ಮಾತ್ರ ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿತ್ತು. ಮುಂದಿನ ಭಾನುವಾರವೂ ಅವರೇ ಪ್ರಾರ್ಥನೆ ನಡೆಸಬೇಕೆಂದು ಹಿರಿಯರು ಹೇಳಿದಾಗ, ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಬೆವೆತಿತ್ತು. ನನ್ನದೂ.

ಮಧ್ಯಾಹ್ನ ರೂತಮ್ಮನ ಮನೆಯಲ್ಲಿ ಮುದ್ದೆ, ಕೋಳಿ ಸಾರು. ನಾಲ್ಕು ದಿನದಲ್ಲಿ ಮೊದಲ ಸಲ ಹಸಿವಾಗಿತ್ತು.

‘ನೀವೇ ಸಭೆಗೆ ನಿಜ ಹೇಳಬಹುದಿತ್ತಲ್ಲ?’ ಎಂದು ಸಾಮುವೇಲಪ್ಪನವರನ್ನು ಕೇಳಿದೆ.

‘ನಾನೇ ಹೇಳಿದ್ರೆ ತಪ್ಪಿಸ್ಕೊಳ್ಳೋ ಮಾತು ಅಂತಿದ್ರು. ಅಲ್ಲದೆ ಸಾರ್, ಹೋದ ವಾರದಿಂದ ನನಗೇ ಅನುಮಾನ ಬಂದಿತ್ತು. ಇಷ್ಟು ಓದಿದೋರು ಬರೆದವ್ರೆ, ನಾನೇ ಹೇಳಿ ಮರೆತಿದ್ನಾ ಅಂತ. ರೂತಮ್ಮನ ಗೋಡೆ ನೋಡ್ಕೊಂಡು ಹೋದ ಮೇಲೆ ನಿದ್ದೆ ಬಂತು.’

ನನ್ನ ಮರೆವು ಅವರ ನೆನಪನ್ನೂ ಕೆಡಿಸಲು ಹೊರಟಿತ್ತೇ?

ಸಂಕೋಚ ಮುಚ್ಚಿಕೊಳ್ಳಲು ವಾದಕ್ಕಿಳಿದೆ. ‘ನೋಡಿ, ನಾನು ಯಾವಾಗಲೂ ಹೇಳೋದು ಇದನ್ನೇ. ನಾಲ್ಕು ವರ್ಷಕ್ಕೆ ನನ್ನ ನೆನಪು ಹೀಗೆ ತಿರುವುಮುರುವಾದರೆ, ಯೇಸು ಹೇಳಿದ್ದನ್ನ ಅಷ್ಟು ವರ್ಷ ಆದಮೇಲೆ ಬರೆದವರ ಗತಿ ಏನು?’

ಸಾಮುವೇಲಪ್ಪ ಸಾರು ಸುರಿದುಕೊಂಡರು. ‘ಅದಕ್ಕೇ ಸಾರ್, ಅವರು ನಾಕು ಜನ ಬರೆದ್ರು. ನೀವು ಒಬ್ರೇ ಬರೆದ್ರಿ.’

ಅದಕ್ಕೂ ನನ್ನ ಹತ್ತಿರ ಉತ್ತರವಿದೆ. (ನಾಲ್ವರೂ ಒಂದೇ ಥರ ಬರೆದಿಲ್ಲ, ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು, ಇತ್ಯಾದಿ.) ಹೇಳಲಿಲ್ಲ. ಅವರು ಬಂದೇ ಬರುತ್ತಾನೆಂದು ಕಾಯುತ್ತಾರೆ, ನಾನು ಕಾಯುವುದಿಲ್ಲ. ಅದೇನೂ ಬದಲಾಗಲಿಲ್ಲ. ಆದರೆ ಬೇರೆ ಒಂದು ನೆನಪಾಯಿತು. ಆ ಡಿಸೆಂಬರಿನಲ್ಲಿ ಕಂಪ್ಯೂಟರ್‌ಗಳೆಲ್ಲ ಕೆಟ್ಟು ನಿಲ್ಲುತ್ತವೆಂಬ ವೈಟುಕೆ ಭಯಕ್ಕೆ, ನಾನು ನನ್ನ ಲೇಖನಗಳನ್ನೆಲ್ಲ ಪ್ರಿಂಟ್ ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ಅದೇ ದಿನ, ಅದೇ ತಾರೀಖು ನಂಬಿ. ಅವತ್ತು ಈ ಇಬ್ಬರು ಎಳೆ ಕೂಡಿಸುತ್ತಿದ್ದರು.

ಹೊರಡುವ ಮುಂಚೆ ಒಂದು ಹಳೆ ಬಟ್ಟೆ ಕೇಳಿದೆ. ‘ಒದ್ದೆ ಮಾಡಿ ಕೊಡ್ರಿ ಅಮ್ಮಾ. ಆ ತಾರೀಖು ಒರೆಸಿಬಿಡ್ತೀನಿ.’

‘ಬ್ಯಾಡ ಬ್ಯಾಡ!’ ರೂತಮ್ಮ ಗೋಡೆಗೆ ಅಡ್ಡ ನಿಂತರು. ‘ಎರಡು ಸಲ ಸುಣ್ಣ ಹೊಡೆದಾಗ್ಲೂ ಅಷ್ಟು ಬಿಟ್ಟೇ ಹೊಡೆದೀನಿ. ಬೇಜಾರಾದಾಗ ನೋಡಿ ನಗ್ತೀನಿ. ಅಲ್ಲದೆ, ಇದೂ ಇರದಿದ್ರೆ ಇವತ್ತು ಏನ್ ಗತಿ ಆಗ್ತಿತ್ತು? ನೀವು ನಮ್ಮ ಬಗ್ಗೆ ಇನ್ನೊಂದ್ಸಲ ಬರೆಯೋದಿದ್ರೆ ಮೊದಲು ಬಂದು ಇದನ್ನ ನೋಡ್ಕೊಂಡು ಹೋಗಿ ಬರೀರಿ.’

ಅಶೋಕ ಬಲ್ಲವನು. ತಾನು ಹೇಳಿದ್ದನ್ನು ಬಂಡೆಯ ಮೇಲೇ ಕೆತ್ತಿಸಿಟ್ಟ. ನನಗೆ ಅಂಥ ಬಂಡೆಯಿಲ್ಲ. ರೂತಮ್ಮನ ಮನೆಯಲ್ಲಿ ಒಂದು ಪೇಪರಿನ ಅಗಲದ ಗೋಡೆಯಿದೆ. ವಾಪಸ್ ಬಸ್ಸಿನಲ್ಲಿ ಸೀಟು ಬದಲಿಸಲಿಲ್ಲ. ಚಳ್ಳಕೆರೆ ಬರುವವರೆಗೂ ನಿದ್ದೆ.

ಎದ್ದ ಮೇಲೆ ಶುರುವಾದ ಪ್ರಶ್ನೆ ಒಂದೇ. ಇಷ್ಟು ವರ್ಷ ಈ ಅಂಕಣದಲ್ಲಿ ‘ಕಣ್ಣಾರೆ ಕಂಡೆ’ ಎಂದು ಎಷ್ಟೋ ಬರೆದಿದ್ದೇನೆ; ಹೇಳಿ, ನಿಮ್ಮ ಮನೆಯ ಗೋಡೆಯ ಮೇಲೂ ನನ್ನ ಕೈಬರಹ ಇದೆಯೇ?