ಪಿರಿಯಾಪಟ್ಟಣದ ಮನೆ ಯಾಕೆ ಮಾರುತ್ತೀರಿ ಎಂದರು

ಪಿರಿಯಾಪಟ್ಟಣದ ನಮ್ಮ ಮನೆಯನ್ನು ಮಾರಬೇಕೆಂದು ತೀರ್ಮಾನವಾದದ್ದು ಅವ್ವನ ವರ್ಷದ ಎಡೆಯ ದಿನ, ಊಟದ ಎಲೆಯ ಮುಂದೆ. ಕೆ.ಆರ್. ನಗರದಲ್ಲಿ ಅಣ್ಣನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಣ್ಣ ಮಜ್ಜಿಗೆ ಅನ್ನ ಕಲಸುತ್ತಾ, ಅದನ್ನ ಕೊಟ್ಟುಬಿಡಾನ ಅಂದ. ಸರಗೂರಿನಿಂದ ಬಂದಿದ್ದ ತಂಗಿ ಹೂಂ ಅಂದಳು. ನಾನೂ ಹೂಂ ಅಂದೆ. ಬೇರೆ ಮನೆಗಳಲ್ಲಿ ವರ್ಷಗಟ್ಟಲೆ ಜಗಳವಾಗುವ ವಿಷಯ ನಮ್ಮಲ್ಲಿ ಉಪ್ಪಿನಕಾಯಿ ಬಡಿಸಿ ಮುಗಿಯುವುದರೊಳಗೆ ಮುಗಿದುಹೋಯಿತು. ನಾವು ಮೂವರೂ ಚೆನ್ನಾಗಿದ್ದೇವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅದು ನಿಜವಾಗಿಯೂ ಒಳ್ಳೆಯ ಮನೆ. ಅಪ್ಪ ಬೆಟ್ಟದಪುರದ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ. ನಮ್ಮ ಓದಿಗೆಂದು ಪೇಟೆಯಲ್ಲಿ ಸೈಟು ತೆಗೆದುಕೊಂಡು ಕಟ್ಟಿಸಿದ. ತೇಗದ ಬಾಗಿಲು, ಕೆಂಪು ಗಾರೆಯ ನೆಲ, ನಮ್ಮಿಬ್ಬರು ಅಕ್ಕತಂಗಿಯರ ನಿಶ್ಚಿತಾರ್ಥವನ್ನು ಛತ್ರವಿಲ್ಲದೆ ಮಾಡಿ ಮುಗಿಸಿದಷ್ಟು ದೊಡ್ಡ ಹಾಲು. ಬೋರಿನಲ್ಲಿ ನೀರಿದೆ, ಹಿತ್ತಲಲ್ಲಿ ತೆಂಗಿದೆ, ಮುಂದೆ ಕಾರು ತಿರುಗುವಷ್ಟು ರಸ್ತೆಯಿದೆ. ಮೋಡವಿಲ್ಲದ ದಿನ ತಾರಸಿ ಹತ್ತಿದರೆ ಬೆಟ್ಟದಪುರದ ಬೆಟ್ಟ ಕಾಣುತ್ತದೆ. ಮನೆಗೆ ಬಂದವರೆಲ್ಲ ಹೊಗಳಿಯೇ ಹೋಗುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಹುಣಸೂರಿಗೆ, ನನ್ನ ಮನೆಗೆ ಬಂದಳು. ಕೊನೆಯವರೆಗೂ ನನ್ನ ಹತ್ತಿರವೇ ಇದ್ದಳು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಬಾಡಿಗೆಯವರಿದ್ದರು. ಅವರಿಗೆ ವರ್ಗವಾಗಿ ಖಾಲಿ ಮಾಡಿದ್ದರು. ಇಂಥ ಮನೆಯನ್ನು ಜನ ಕ್ಯೂ ನಿಂತು ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆವು.

ಹುಣಸೂರು ಹತ್ತಿರ ಅನ್ನುವ ಕಾರಣಕ್ಕೆ ಮನೆ ತೋರಿಸುವ ಕೆಲಸ ನನಗೆ ಬಿತ್ತು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಕಿಟಕಿ ತೆರೆದು, ಒಂದು ಸಲ ಗುಡಿಸಿ ಕಾಯುತ್ತಿದ್ದೆ.

ಮೊದಲು ಬಂದವರು ಹೊಗೆಸೊಪ್ಪು ಬೆಳೆಯುವ ಒಬ್ಬರು ಮತ್ತು ಅವರ ಹೆಂಡತಿ. ಇಬ್ಬರಿಗೂ ಮನೆ ಮೆಚ್ಚಿಗೆಯಾಯಿತು. ಆಕೆ ಅಡುಗೆಮನೆಯಲ್ಲಿ ನಿಂತು ಫ್ರಿಜ್ಜು ಎಲ್ಲಿಡಬೇಕೆಂದು ಗಂಡನಿಗೆ ತೋರಿಸಿದ್ದೂ ಆಯಿತು. ಹೊರಡುವಾಗ ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು.

"ಇಷ್ಟು ಚೆಂದಾಗೈತಲ್ಲವ್ವಾ, ಯಾಕೆ ಮಾರ್ತಾ ಇದ್ದೀರಿ?"

ನೋಡಿಕೊಳ್ಳುವವರು ಯಾರೂ ಇಲ್ಲ, ಎಲ್ಲರೂ ಒಂದೊಂದು ಕಡೆ ಇದ್ದೇವೆ ಅಂದೆ. ಅವರು ತಲೆಯಾಡಿಸಿದರು. ವಾರ ಬಿಟ್ಟು ಹೇಳುತ್ತೇವೆ ಅಂದವರು ಹೇಳಲಿಲ್ಲ. ಫೋನು ಮಾಡಿದರೆ, ಮನೆಯಲ್ಲಿ ಇನ್ನೂ ಮಾತಾಡ್ತಿದ್ದೀವಿ ಅಂದರು. ಆಮೇಲೆ ಎತ್ತುವುದನ್ನೇ ಬಿಟ್ಟರು.

ಎರಡನೆಯವರೂ ಹಾಗೆಯೇ. ಮೂರನೆಯವರೂ ಹಾಗೆಯೇ. ಎಲ್ಲರೂ ಮೆಚ್ಚಿದರು, ಎಲ್ಲರೂ ಅದೇ ಪ್ರಶ್ನೆ ಕೇಳಿದರು, ಯಾರೂ ತಿರುಗಿ ಬರಲಿಲ್ಲ. ಒಬ್ಬರಾದರೂ ಏನಾದರೂ ಕುಂದು ಹೇಳಿದ್ದರೆ ಸರಿಮಾಡಿಸಬಹುದಿತ್ತು. ನಾನು ಪೇಂಟು ಹೊಡೆಸಿದೆ, ನಲ್ಲಿ ಬದಲಾಯಿಸಿದೆ, ಹಿತ್ತಲ ಬಾಗಿಲಿಗೆ ಹೊಸ ಚಿಲಕ ಹಾಕಿಸಿದೆ. ಅಷ್ಟಾದ ಮೇಲೆ ಬಂದವರು ಇನ್ನೂ ಹೆಚ್ಚು ಮೆಚ್ಚಿದರು, ಇನ್ನೂ ಬೇಗ ಮಾಯವಾದರು.

ಮಳೆಗಾಲ ಶುರುವಾಗುವ ಹೊತ್ತಿಗೆ, ಮನೆ ನೋಡಲು ಜನ ಕಳಿಸುತ್ತಿದ್ದ ಬ್ರೋಕರು ಹುಣಸೂರಿಗೆ ಬಂದವನು ಲ್ಯಾಬಿಗೇ ಬಂದ. ಹೊರಗಿನ ಬೆಂಚಿನ ಮೇಲೆ ಕೂತು, ಬೇಜಾರು ಮಾಡ್ಕೋಬಾರದು ಅಂತ ಪೀಠಿಕೆ ಹಾಕಿದ. ಮನೆ ನೋಡಿದವರು ನನ್ನನ್ನು ಕೇಳಿ ಸುಮ್ಮನಾಗುವುದಿಲ್ಲವಂತೆ. ನಂಬರು ಹುಡುಕಿ ಅಣ್ಣನನ್ನೂ ಕೇಳುತ್ತಾರೆ. ಅಣ್ಣ, ಕೆ.ಆರ್. ನಗರದಲ್ಲಿ ಮನೆ ಕಟ್ಟಬೇಕು ಅದಕ್ಕೆ ಎನ್ನುತ್ತಾನೆ. ಅಲ್ಲಿಗೆ ನನ್ನದೊಂದು, ಅವನದೊಂದು. ಆಮೇಲೆ ಎದುರುಮನೆಯವರನ್ನು ಕೇಳುತ್ತಾರೆ. ಎದುರುಮನೆಯಾಕೆ ಅವ್ವನ ಸ್ನೇಹಿತೆ. ತಂಗಿ ಒಂದು ದಿನ ಫೋನಿನಲ್ಲಿ ಅವರ ಹತ್ತಿರ ಅತ್ತುಕೊಂಡು, ಅವ್ವ ಇಲ್ಲದ ಮೇಲೆ ಆ ಮನೆಯಲ್ಲಿ ಒಂದು ರಾತ್ರಿ ಮಲಗಕ್ಕಾಗಲ್ಲ ಅಂದಿದ್ದಳಂತೆ. ಆಕೆ ಅದನ್ನು ಕನಿಕರದಿಂದಲೇ ಯಾರಿಗೋ ಹೇಳಿದ್ದಾರೆ. ಮಾತು ಬೀದಿಯ ಕೊನೆ ಮುಟ್ಟುವಾಗ ಅವ್ವನ ಹೆಸರು ಬಿಟ್ಟುಹೋಗಿ, ಆ ಮನೆಯಲ್ಲಿ ರಾತ್ರಿ ಮಲಗಕ್ಕಾಗಲ್ಲ ಅನ್ನುವುದಷ್ಟೇ ಉಳಿದಿತ್ತು.

ನನಗೆ ನಗು ಬಂತು. ಬ್ರೋಕರು ನಗಲಿಲ್ಲ.

"ಕಷ್ಟ ಬಂದು ಮಾರಿದ್ರೆ ಜನ ನಂಬ್ತಾರೆ ಕಣಕ್ಕಾ. ಚೆನ್ನಾಗಿರೋರು ಚೆನ್ನಾಗಿರೋ ಮನೇನ ಸುಮ್ಕೆ ಯಾಕೆ ಮಾರಾರು ಅಂತಾರೆ. ಮೂರು ಜನಾನೂ ಕುಂತು ಒಂದು ಕಾರಣ ಹೇಳ್ಕಳಿ. ಯಾವುದಾದ್ರೂ ಆಯ್ತದೆ, ಒಂದೇ ಇರ್ಬೇಕು ಅಷ್ಟೆಯಾ."

ಯಾರಿಗಾದರೂ ದೊಡ್ಡ ಕಾಯಿಲೆ, ಆಪರೇಷನ್ನು ಎಂದರೆ ಒಳ್ಳೆಯದು ಅಂತ ಅವನೇ ಸೂಚಿಸಿದ. ದಿನವೂ ಕಾಯಿಲೆಯವರ ರಕ್ತ ತೆಗೆಯುವ ನನಗೆ ಅದನ್ನು ಬಾಯಲ್ಲಿ ಹೇಳಲು ಮನಸ್ಸು ಬರಲಿಲ್ಲ. ಅಣ್ಣನಿಗೆ ಫೋನು ಮಾಡಿದೆ. ಅವನು ಕೇಳಿಸಿಕೊಂಡು, ನಾನು ಹೇಳಿದ್ದು ಸುಳ್ಳೇನಲ್ಲವಲ್ಲ ಅಂದ. ನನ್ನದೂ ಸುಳ್ಳಾಗಿರಲಿಲ್ಲ. ತಂಗಿಯದಂತೂ ಅಳುತ್ತಾ ಹೇಳಿದ್ದು. ಮೂರು ನಿಜ ಸೇರಿ ಒಂದು ಸುಳ್ಳಿನ ಹಾಗೆ ಯಾಕೆ ಕೇಳಿಸುತ್ತದೆಂದು ತಿಳಿಯದೆ ಬೆಂಚಿನ ಮೇಲೇ ಕೂತಿದ್ದೆ.

ಆಮೇಲೆ ಕೊಡಗಿನ ಕಡೆಯಿಂದ ವಯಸ್ಸಾದ ದಂಪತಿ ಬಂದರು. ಗಂಡ ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಮಳೆ ಕಡಿಮೆ ಇರುವ ಕಡೆ ಇರೋಣವೆಂದು ಮನೆ ಹುಡುಕುತ್ತಿದ್ದರು. ಗಂಡ ತಾರಸಿ, ಟ್ಯಾಂಕು, ಕಾಂಪೌಂಡು ನೋಡುತ್ತಾ ಹೋದರು. ಹೆಂಡತಿ ಹಾಲಿನಲ್ಲಿ ನನ್ನ ಜೊತೆ ನಿಂತರು. ಎದುರುಮನೆಯ ಮಾತು ಅವರ ಕಿವಿಗೂ ಬಿದ್ದಿತ್ತೇನೋ, ಅಮ್ಮ ತೀರಿಕೊಂಡದ್ದು ಇಲ್ಲೇ ಅಲ್ಲವೇ ಎಂದು ಮೆತ್ತಗೆ ಕೇಳಿದರು. ಇಲ್ಲ, ಹುಣಸೂರಿನಲ್ಲಿ, ನನ್ನ ಮನೆಯಲ್ಲಿ, ಅಪ್ಪ ಹೋದ ಮೇಲೆ ಅಲ್ಲಿಗೆ ಬಂದುಬಿಟ್ಟಿದ್ದಳು ಅಂದೆ. ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತಲ್ಲ ಎಂದು ಸಮಾಧಾನವೂ ಆಯಿತು.

ಆಕೆ ಸುತ್ತ ನೋಡಿ, "ಇಂಥ ಮನೆ ಬಿಟ್ಟು ಅವರು ಯಾಕೆ ಬಂದರು?" ಅಂದರು.

ಅದರಲ್ಲಿ ಅನುಮಾನವೇನೂ ಇರಲಿಲ್ಲ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಬಗ್ಗೆ ಕೇಳುವ ಹಾಗೆ ಕೇಳಿದರು. ನನಗೆ ಅವ್ವ ಹೊರಟುಬಂದ ದಿನ ನೆನಪಾಯಿತು. ಅಪ್ಪನ ಕಾರ್ಯಗಳೆಲ್ಲ ಮುಗಿದ ದಿನ ನಾನು, ನಮ್ಮನೆಗೆ ಬಾ ಅವ್ವ ಎಂದು ಸುಮ್ಮನೆ ಕರೆದಿದ್ದೆ. ಬರುವುದಿಲ್ಲ ಎನ್ನುತ್ತಾಳೆ, ಬಲವಂತ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಅವ್ವ, ನಡಿ ಬತ್ತೀನಿ ಅಂದವಳು ಆಗಲೇ ಸೀರೆ ಮಡಚಲು ಎದ್ದಳು. ಆಮೇಲೆ ಹುಣಸೂರಿನಲ್ಲಿ ನನ್ನ ಎರಡು ಕೋಣೆಯ ಮನೆಯಲ್ಲಿ ಒಂದು ದಿನವೂ ಪಿರಿಯಾಪಟ್ಟಣಕ್ಕೆ ಹೋಗೋಣವೆಂದು ಕೇಳಲಿಲ್ಲ. ನಾನು ಅದನ್ನು ನನ್ನ ಮೇಲಿನ ಪ್ರೀತಿ ಎಂದೇ ತಿಳಿದಿದ್ದೆ.

ಕೊಡಗಿನವರು ಮರ್ಯಾದೆಯಾಗಿ ಫೋನು ಮಾಡಿ ಬೇಡವೆಂದರು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ಭಾನುವಾರ ಅಣ್ಣನನ್ನೂ ತಂಗಿಯನ್ನೂ ಪಿರಿಯಾಪಟ್ಟಣಕ್ಕೇ ಕರೆಸಿದೆ. ತಂಗಿ ಚಿತ್ರಾನ್ನ ತಂದಿದ್ದಳು. ಖಾಲಿ ಹಾಲಿನ ನೆಲದ ಮೇಲೆ ಪೇಪರು ಹಾಸಿಕೊಂಡು ತಿಂದೆವು. ಒಂದೇ ಕಾರಣ ಗೊತ್ತು ಮಾಡಿಕೊಳ್ಳೋಣವೆಂದು ಶುರುವಾದ ಮಾತು, ಕೊಡಗಿನಾಕೆ ಕೇಳಿದ್ದನ್ನು ನಾನು ಹೇಳಿದ ಮೇಲೆ ಬೇರೆ ಕಡೆ ತಿರುಗಿತು.

ತಂಗಿ ತಿನ್ನುವುದನ್ನು ನಿಲ್ಲಿಸಿದಳು. "ಅವ್ವಂಗೆ ಈ ಮನೆ ಹಿಡಿಸ್ತಾ ಇರ್ಲಿಲ್ಲ ಕಣಕ್ಕ. ನಿಂಗೆ ಗೊತ್ತಿರ್ಲಿಲ್ವಾ? ಇಲ್ಲಿ ಮಾತಾಡಿದ್ರೆ ನನ್ ಮಾತು ನಂಗೇ ವಾಪಸ್ ಬತ್ತದೆ ಅಂತಿದ್ಲು."

ಅಣ್ಣ ಒಪ್ಪಲಿಲ್ಲ. ಅವ್ವನೇ ಹಟ ಮಾಡಿ ಪೇಟೆಗೆ ಬಂದದ್ದು, ಹಳ್ಳಿ ಮನೆ ಬಿಡಲು ಮನಸ್ಸಿಲ್ಲದೆ ಒದ್ದಾಡಿದವನು ಅಪ್ಪ ಅಂದ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲದಲ್ಲಿ ಅಪ್ಪ ತಿಂಗಳುಗಟ್ಟಲೆ ಹಳ್ಳಿಯಲ್ಲೇ ಉಳಿಯುತ್ತಿದ್ದದ್ದು ಕೆಲಸಕ್ಕೋ, ಈ ಮನೆ ಸೇರದ್ದಕ್ಕೋ ಅಂತ ತನಗೆ ಇವತ್ತಿಗೂ ಗೊತ್ತಿಲ್ಲ ಅಂದ. ಹಾಗಾದರೆ ನಿನಗೆ ಈ ಮನೆ ಇಷ್ಟವಿತ್ತಾ ಎಂದು ಅವನನ್ನು ಕೇಳಿದೆ. ಅವನು ಗೋಡೆ ನೋಡಿದ.

"ನಿಂಗೆ ಭಾಳ ಇಷ್ಟ ಅಂದ್ಕಂಡಿದ್ದೆ ಕಣವ್ವ. ಅದ್ಕೇ ಮಾರಾನ ಅಂದಾಗ ನೀನು ಬ್ಯಾಡ ಅಂತೀಯ ಅಂತ ಕಾಯ್ಕಂಡು ಕುಂತಿದ್ದೆ."

ನಾನು ಅವನಿಗೆ ಇಷ್ಟವೆಂದುಕೊಂಡಿದ್ದೆ. ತಂಗಿ ನಮ್ಮಿಬ್ಬರಿಗೂ ಇಷ್ಟವೆಂದುಕೊಂಡಿದ್ದಳು. ಬಂದವರೆಲ್ಲ ಹೊಗಳಿದ ಮನೆಯನ್ನು ನಾವೂ ಹೊಗಳುತ್ತಾ ದೊಡ್ಡವರಾಗಿದ್ದೆವು. ನನಗೆ ಇಲ್ಲಿ ಬೇಸರವಾಗಿತ್ತು ಎಂದು ಹೇಳಲೂ ಏನೂ ಇರಲಿಲ್ಲ. ಇಲ್ಲಿ ಓದಿದೆ, ಇಲ್ಲಿ ನಕ್ಕೆ, ಇಲ್ಲಿಂದಲೇ ಮದುವೆಯಾಗಿ ಹೋದೆ. ಆದರೆ ಇಷ್ಟವಿತ್ತೇ ಎಂದು ಯಾರಾದರೂ ಕೇಳಿದ್ದರೆ, ಆವತ್ತು ಆ ನೆಲದ ಮೇಲೆ ಕೂತು ನನಗೆ ಹೌದೆನ್ನಲೂ ಆಗುತ್ತಿರಲಿಲ್ಲ, ಇಲ್ಲವೆನ್ನಲೂ ಆಗುತ್ತಿರಲಿಲ್ಲ. ಕಾರಣ ಗೊತ್ತು ಮಾಡದೆಯೇ ಪೇಪರು ಮಡಚಿ ಎದ್ದೆವು.

ಮನೆಯನ್ನು ಕೊನೆಗೆ ಕೊಂಡವರು ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುವ ಒಬ್ಬ ಹೆಂಗಸು. ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಬಾಡಿಗೆಗಿದ್ದರು. ಬಂದವರು ಹಾಲಿನ ಕಡೆ ತಿರುಗಿಯೂ ನೋಡದೆ ನೇರ ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಓಡಿದೆ. ತಾರಸಿಯ ಮೇಲೆ ಮೂಲೆಯಿಂದ ಮೂಲೆಗೆ ನಡೆದು, ತೆಂಗಿನ ನೆರಳು ಎಲ್ಲಿಗೆ ಬೀಳುತ್ತದೆಂದು ನೋಡಿದರು. ಅವರು ಕೇಳುವ ಮೊದಲೇ ನಾನು ಶುರು ಮಾಡಿದೆ. ನಾವು ಯಾಕೆ ಮಾರುತ್ತಿದ್ದೇವೆಂದರೆ, ಅಣ್ಣ ಕೆ.ಆರ್. ನಗರದಲ್ಲಿ, ತಂಗಿ ಸರಗೂರಿನಲ್ಲಿ, ಅವ್ವ ಬೇರೆ ಇಲ್ಲ...

"ಅದು ನಿಮ್ಮನೆ ವಿಷ್ಯ ಬುಡಿ ಅಕ್ಕ," ಅಂದರು. "ಇಲ್ಲಿ ಬಿಸಿಲು ಎಷ್ಟೊತ್ತಿನ ಗಂಟ ಇರ್ತದೆ?"

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಹೋಗುವವರೆಗೂ ಅಲ್ಲೇ ಇದ್ದವಳಿಗೆ ಗೊತ್ತಿರಲಿಲ್ಲ. ಅವರು ಬೇಸರಪಟ್ಟುಕೊಳ್ಳದೆ, ನಾಳೆ ನಾನೇ ಬಂದು ಕುಂತು ನೋಡ್ತೀನಿ ಅಂದರು. ಬಂದು ನೋಡಿದರೆಂದು ಬ್ರೋಕರು ಹೇಳಿದ. ರಾತ್ರಿ ಮಲಗುವ ಮಾತು ಅವರ ಕಿವಿಗೂ ಬಿದ್ದಿತ್ತಂತೆ. ರಾತ್ರಿಯೆಲ್ಲ ಹಿಟ್ಟು ನಾದುವವರಿಗೆ ಮಲಗೋದೆಲ್ಲಿ ಬಂತು ಅಂದರಂತೆ.

ರಿಜಿಸ್ಟ್ರೇಷನ್ ಮುಗಿಸಿ ಮೂವರೂ ಒಂದೇ ಬಸ್ಸಿನಲ್ಲಿ ಹುಣಸೂರಿಗೆ ಬಂದೆವು. ಹಗುರವಾಗಬೇಕಿತ್ತು. ನನಗೆ ಮಾತ್ರ ಆಕೆಯ ಮೇಲೆ ಸಣ್ಣ ಕೋಪವಿತ್ತು. ಎಲ್ಲರೂ ಕೇಳಿದಾಗ ಕಿರಿಕಿರಿಯಾಗಿದ್ದ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲವಲ್ಲ ಎಂದು. ತಂಗಿಗೆ ಇದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, ಅವರು ಕೇಳಿದ್ದಿದ್ದರೆ ಏನು ಹೇಳುತ್ತಿದ್ದೆ ಅಂದಳು. ಅಣ್ಣನೂ ಉತ್ತರಕ್ಕಾಗಿ ಮುಂದಿನ ಸೀಟಿನಿಂದ ಹಿಂದೆ ತಿರುಗಿದ. ನಾನು ಯೋಚಿಸುತ್ತಿರುವಾಗಲೇ ಬಸ್‌ಸ್ಟ್ಯಾಂಡು ಬಂತು. ಕೆ.ಆರ್. ನಗರದ ಬಸ್ಸು ಹೊರಡುವುದರಲ್ಲಿತ್ತು. ಅಣ್ಣ ಚೀಲ ಎತ್ತಿಕೊಂಡು ಅದರತ್ತ ಓಡಿದ. ನಾನೂ ತಂಗಿಯೂ, ಅವಳ ಸರಗೂರಿನ ದಾರಿಯ ಕೋಟೆ ಬಸ್ಸು ಯಾವ ಕಡೆ ನಿಲ್ಲುತ್ತದೆಂದು ಕೇಳುತ್ತಾ ಆ ಕಡೆಗೆ ನಡೆದೆವು.