ಮೊದಲು ಹೇಳಿದ್ದು ಯಾರಿಗೆ

ಇಪ್ಪತ್ತಮೂರು ವರ್ಷ ದುಡಿದು ಆಕೆ ಸಂಪಾದಿಸಿದ ಬಿರುದು ಒಂದೇ: 'ಆ ಪಾಠದ ಮೇಡಂ'. ಯಾವ ಪಾಠ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಆ' ಅನ್ನುವುದನ್ನು ಸ್ವಲ್ಪ ಎಳೆದು ಹುಬ್ಬು ಹಾರಿಸಿದರೆ ಸಾಕು, ಶಾಲೆಯ ಹೆಡ್‌ಮಾಸ್ಟರರಿಂದ ಹಿಡಿದು ಕಾರ್ಖಾನೆಯ ವಾಚ್‌ಮನ್ನಿನವರೆಗೆ ಎಲ್ಲರಿಗೂ ತಿಳಿಯುತ್ತಿತ್ತು. ಆಕೆಗೆ ಇದರಿಂದ ಬೇಸರವೇನೂ ಇರಲಿಲ್ಲ. ಹೆಸರು ಹೇಳಲು ನಾಚುವವರಿಗಾಗಿಯೇ ಅಲ್ಲವೇ ಪಾಠ ಇರುವುದು ಎನ್ನುತ್ತಿದ್ದಳು.

ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಆರೋಗ್ಯ ಇಲಾಖೆಯ ಒಬ್ಬ ಡಾಕ್ಟರು ಲೈಂಗಿಕ ಆರೋಗ್ಯದ ಭಾಷಣ ಬರೆದುಕೊಡುವರು, ಈಕೆ ಟೈಪ್ ಮಾಡುವಳು. ಒಂದು ದಿನ ಡಾಕ್ಟರು ಕೈಕೊಟ್ಟರು. ಹೊಲಿಗೆ ಕಾರ್ಖಾನೆಯ ಊಟದ ಹಾಲಿನಲ್ಲಿ ನಲವತ್ತು ಜನ ಕಾದು ಕೂತಿದ್ದರು. ಟೈಪ್ ಮಾಡಿ ಮಾಡಿ ಇವಳಿಗೆ ಭಾಷಣವೆಲ್ಲ ಬಾಯಿಪಾಠವಾಗಿತ್ತು. ಎದ್ದು ನಿಂತಳು. ಮೂರನೆಯ ವಾಕ್ಯದಲ್ಲಿ 'ಕಾಂಡೋಮ್' ಬಂತು, ಉಗುಳು ನುಂಗಿದಳು, ಹಾಲಿಗೆ ಹಾಲೇ ಗೊಳ್ಳೆಂದಿತು. ಆ ಒಂದು ಮಾತನ್ನು ಉಗುಳು ನುಂಗದೆ ಹೇಳಲು ಆಕೆಗೆ ಆರು ವರ್ಷ ಹಿಡಿಯಿತು. ಕನ್ನಡಿಯ ಮುಂದೆ ನಿಂತು, ತಲೆ ಬಾಚುತ್ತ, ಹೇಳಿ ಹೇಳಿ ಕಲಿತಳು.

ಸಲಿಂಗಿಗಳಿಗೂ ಟ್ರಾನ್ಸ್‌ಜೆಂಡರ್ ಜನರಿಗೂ ಗುರುವಾರ ಸಂಜೆಯ ಕ್ಲಿನಿಕ್ ಶುರುಮಾಡಿಸಿದವಳೂ ಅವಳೇ. ಮೊದಲ ಐದು ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಆರನೆಯ ವಾರ ಒಬ್ಬ ಒಳಗೆ ಬಂದು ಟಾಯ್ಲೆಟ್ ಎಲ್ಲಿದೆ ಎಂದು ಕೇಳಿದ. ತೋರಿಸಿದಳು. ಹೊರಗೆ ಬಂದವನು ಹೋಗದೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತ. ಇವಳೂ ಏನೂ ಕೇಳದೆ ಫೈಲು ಬರೆಯುತ್ತ ಕೂತಳು. ಮುಂದಿನ ವಾರ ಅವನೇ ಇಬ್ಬರನ್ನು ಕರೆತಂದ. ಹಾಗೆ ಬೆಳೆದ ಕ್ಲಿನಿಕ್ಕು ಅದು, ಅವಳ ಎರಡನೆಯ ಮಗು ಎನ್ನಿ.

ಅಲ್ಲಿಯ ನಿಯಮಗಳನ್ನೆಲ್ಲ ಬರೆದದ್ದೂ ಆಕೆಯೇ. ಅದರಲ್ಲೊಂದು ನಿಯಮ ಒಂದು ತಪ್ಪಿನಿಂದ ಹುಟ್ಟಿತ್ತು. ಹಿಂದೊಮ್ಮೆ ಅಂಗಡಿಯಲ್ಲಿ ಕ್ಲಿನಿಕ್ಕಿನ ಪರಿಚಯದವನೊಬ್ಬ ಸಿಕ್ಕಿದಾಗ ಈಕೆ ಖುಷಿಯಿಂದ "ಹೇಗಿದ್ದೀರಿ, ಈಗ ಗುಣ ಆಯ್ತಾ?" ಎಂದುಬಿಟ್ಟಳು. ಪಕ್ಕದಲ್ಲಿದ್ದ ಹೆಂಡತಿ "ಯಾರ್ರೀ ಇವರು?" ಎಂದಳು. ಆ ಮನುಷ್ಯ ಮತ್ತೆ ಕ್ಲಿನಿಕ್ಕಿನ ಕಡೆ ತಲೆಹಾಕಲಿಲ್ಲ. ಅಂದಿನಿಂದ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ತಾಕೀತು: ಹೊರಗೆ ಸಿಕ್ಕರೆ ಮೊದಲು ಅವರು ಮಾತಾಡಲಿ, ಅಲ್ಲಿಯವರೆಗೆ ನಾವು ಅವರನ್ನು ಜನ್ಮದಲ್ಲೇ ಕಂಡಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನಗುಮುಖ ಬಂದ.

ನಗುಮುಖ ಎಂಬುದು ಆಫೀಸಿನವರು ಇಟ್ಟ ಹೆಸರು. ವಯಸ್ಸು ಇಪ್ಪತ್ತೊಂಬತ್ತು, ಆಪ್ತಸಮಾಲೋಚಕನಾಗಿ ಸೇರಿದವನು. ಮೊದಲ ದಿನ ಚಹಾ ಹಿಡಿದು ಕೂತಾಗ, "ನಂಗೆ ಸಕ್ಕರೆ ಕಮ್ಮಿ, ಆಮೇಲೆ ನಾನು ಗೇ, ಅದನ್ನೂ ಹೇಳಿಬಿಡ್ತೀನಿ" ಎಂದ, ಎರಡೂ ಒಂದೇ ತೂಕದ ಮಾತು ಎಂಬಂತೆ. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಒಳಗೆ ಮಾತ್ರ ಏನೋ ಚುರುಕ್ಕೆಂದಿತು. ಆರು ವರ್ಷ ಕನ್ನಡಿಯ ಮುಂದೆ ಬೆವರಿ ಕಲಿತದ್ದನ್ನು ಇವನು ಹುಟ್ಟುವಾಗಲೇ ತಂದಿದ್ದಾನಲ್ಲ!

ಮೂರೇ ತಿಂಗಳು. ಗುರುವಾರ ಸಂಜೆ ಬಂದವರೆಲ್ಲ ಬಾಗಿಲಲ್ಲಿ ನಿಂತು "ಅವರಿದ್ದಾರಾ?" ಎನ್ನತೊಡಗಿದರು. "ನಾನಿದ್ದೀನಲ್ಲ, ಬನ್ನಿ" ಎಂದರೆ, "ಪರವಾಗಿಲ್ಲ ಮೇಡಂ, ಕಾಯ್ತೀವಿ" ಎನ್ನುವರು. ಆ 'ಪರವಾಗಿಲ್ಲ' ಕೇಳಿದಾಗಲೆಲ್ಲ ಮೈಯೆಲ್ಲ ಉರಿದುಹೋಗುತ್ತಿತ್ತು. ಹನ್ನೊಂದು ವರ್ಷದಿಂದ ಅವಳ ಬಳಿ ಬರುತ್ತಿದ್ದ ಒಬ್ಬ ನಿವೃತ್ತ ಬಸ್ ಡ್ರೈವರು ಒಂದು ಸಂಜೆ ನಗುಮುಖನ ಕೋಣೆಯಲ್ಲಿ ಗಹಗಹಿಸಿ ನಗುತ್ತಿದ್ದರು. ಬಾಗಿಲ ಸಂದಿಯಲ್ಲಿ ಆಕೆ ನೋಡಿದಳು. ಅವರಿಗೆ ಒಂದು ಬೆಳ್ಳಿಯ ಹಲ್ಲಿರುವುದು ಅವಳಿಗೆ ಅವತ್ತೇ ಗೊತ್ತಾಗಿದ್ದು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತನ್ನೆದುರು ಅವರು ಬಾಯಿ ತುಂಬ ನಕ್ಕಿರಲಿಲ್ಲ.

ರಸ್ತೆಯಲ್ಲಿಯೂ ಇದೇ ಕಥೆ. ಜನ ತಾವಾಗಿಯೇ ಅವನನ್ನು ಕರೆದು ಮಾತಾಡಿಸುವರು, ಪಕ್ಕದಲ್ಲಿದ್ದ ಮೇಡಮ್ಮನ್ನು ಕಂಡರೆ ತಲೆ ತಗ್ಗಿಸಿ ಸರಿದುಹೋಗುವರು. ಅವನೂ ಹಾಗೆಯೇ, ಲಿಫ್ಟಿನವನು, ಕಸದವನು, ಕಿಟಕಿಯ ಮೇಲಿನ ಬೆಕ್ಕು, ಯಾರನ್ನೂ ಮಾತಾಡಿಸದೆ ಬಿಟ್ಟವನಲ್ಲ. ಆಫೀಸಿನವರೆಲ್ಲ ಅವನನ್ನು 'ನೀನು' ಎಂದರೆ ಇವಳೊಬ್ಬಳೇ 'ನೀವು' ಎನ್ನುವಳು. ಅದು ಮರ್ಯಾದೆಯಲ್ಲ, ಬೇಲಿ.

ಪಟ್ಟಣದ ಇನ್ನೊಂದು ತುದಿಯ ಲೈಬ್ರರಿಯ ಮಹಡಿಯಲ್ಲಿ ಶನಿವಾರವೂ ಕೂರುತ್ತೇನೆ, ಚಿಕ್ಕ ವಯಸ್ಸಿನವರು ಅಲ್ಲಿಗೆ ಬರುತ್ತಾರೆ ಎಂದು ನಗುಮುಖ ಹೇಳಿದಾಗ ಆಕೆ ಮೂಗು ಮುರಿದಳು. "ಯಾರೂ ಬರಲ್ಲ, ನೋಡ್ತಿರಿ." ಬಂದರು. ಅಲ್ಲಿಗೆ ಬಂದವರ ವಿವರದ ಕಾರ್ಡುಗಳೆಲ್ಲ ಸೋಮವಾರ ಈ ಕ್ಲಿನಿಕ್ಕಿನ ಕಬ್ಬಿಣದ ಬೀರುವಿಗೆ ಸೇರುತ್ತಿದ್ದವು. ವಾರವಾರಕ್ಕೂ ಕಟ್ಟು ದಪ್ಪಗಾಗುವುದನ್ನು ಆಕೆ ಓರೆಗಣ್ಣಿನಲ್ಲಿ ಅಳೆಯುತ್ತಿದ್ದಳು.

ಹೀಗಿರುವಾಗ ಒಂದು ಮಂಗಳವಾರ ಆಕೆ ಊಟದ ಡಬ್ಬಿ ಮರೆತು ಬಂದಳು. ಮನೆಯಲ್ಲಿ ಇರುವವರು ಇಬ್ಬರೇ, ಅವಳು ಮತ್ತು ಮಗಳು. ಗಂಡ ತೀರಿಕೊಂಡು ಆರು ವರ್ಷ. ಮಗಳಿಗೆ ಇಪ್ಪತ್ತನಾಲ್ಕು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಂಗಡಿಗೆ ಹೋಗುವ ದಾರಿಯಲ್ಲಿ ಡಬ್ಬಿ ಕೊಟ್ಟು ಹೋಗೋಣವೆಂದು ಹುಡುಗಿ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಕರಪತ್ರದ ಪೆಟ್ಟಿಗೆ ಹೊತ್ತು ನಗುಮುಖ ಇಳಿಯುತ್ತಿದ್ದ. ಮೇಲೆ ಮೊಗಸಾಲೆಯಲ್ಲಿ ತಾಯಿ ನಿಂತಿದ್ದಳು.

ಅವನು ಗೋಡೆಗೆ ಒರಗಿ ದಾರಿ ಬಿಟ್ಟ. ಮುಖದಲ್ಲಿ ನಗುವಿಲ್ಲ. ಕಣ್ಣು ಪೆಟ್ಟಿಗೆಯ ಮೇಲೆ. ಬೆಕ್ಕನ್ನೂ ಮಾತಾಡಿಸುವ ಮನುಷ್ಯ, ಎದುರಿಗೆ ಬಂದ ಹುಡುಗಿಯನ್ನು ಜನ್ಮದಲ್ಲೇ ಕಂಡಿಲ್ಲದವನಂತೆ ನಿಂತ. "ಇವಳು ನನ್ನ ಮಗಳು" ಎಂದು ತಾಯಿ ಮೇಲಿನಿಂದ ಹೇಳಿದಳು. ಆಗಲೂ ಅವನು ಬಾಯಿ ತೆರೆಯಲಿಲ್ಲ. ಮಗಳೇ "ನಮಸ್ಕಾರ" ಎಂದಳು. ತಕ್ಷಣ ಅವನ ಮುಖದಲ್ಲಿ ದೀಪ ಹೊತ್ತಿತು. "ಓ, ನಮಸ್ಕಾರ, ನಮಸ್ಕಾರ!"

ಬೇರೆ ಯಾರಿಗೂ ಇದರಲ್ಲಿ ಏನೂ ಕಾಣುತ್ತಿರಲಿಲ್ಲ. ಆ ನಿಯಮ ಬರೆದವಳಿಗೆ ಕಂಡಿತು. ಪಾಪ, ಅವನು ನಿಯಮವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದ. ಪಾಲಿಸಿದ್ದರಿಂದಲೇ ಗುಟ್ಟು ಬಿಟ್ಟುಕೊಟ್ಟಿದ್ದ. ಮಗಳು ಶನಿವಾರ ಶನಿವಾರ ಗೆಳತಿಯ ಮನೆಗೆಂದು ಹೋಗುತ್ತಿದ್ದದ್ದು ಲೈಬ್ರರಿಯ ಮಹಡಿಗೆ.

ಅವತ್ತು ಡಬ್ಬಿ ತೆರೆಯಲೇ ಇಲ್ಲ. ಮಗಳು ಯಾಕೆ ಹೋಗಿರಬಹುದು ಎಂಬ ಚಿಂತೆ ಇರಲಿಲ್ಲವೆಂದಲ್ಲ. ಕಾಯಿಲೆಯೇ, ಪ್ರೀತಿಯೇ, ಏನಾದರೂ ಆಗಲಿ, ಸಾವಿರ ತಾಯಂದಿರಿಗೆ ಸಮಾಧಾನ ಹೇಳಿದವಳು, ತನಗೆ ತಾನು ಹೇಳಿಕೊಳ್ಳಲಾರಳೇ? ಅವಳನ್ನು ಸುಟ್ಟದ್ದು ಬೇರೆ. ಊರಿನ ಮಕ್ಕಳಿಗೆಲ್ಲ "ನನ್ನ ಹತ್ರ ಏನು ಬೇಕಾದ್ರೂ ಹೇಳ್ಬಹುದು" ಎಂದು ಸಾರಿಕೊಂಡು ತಿರುಗಿದವಳ ಹೊಟ್ಟೆಯಲ್ಲಿ ಹುಟ್ಟಿದವಳು, ಮನೆಯಲ್ಲಿ ಅಮ್ಮನನ್ನಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ಅವನ ಹತ್ತಿರ ಹೋಗಿ ಹೇಳಿದ್ದಳು. ಡ್ರೈವರನ್ನು ಕಿತ್ತುಕೊಂಡ, ಗುರುವಾರವನ್ನು ಕಿತ್ತುಕೊಂಡ, ಈಗ ಮಗಳನ್ನೂ.

ಕಾರ್ಡಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ: ಹುಟ್ಟಿದ ತಾರೀಖು, ತಿಂಗಳು, ಫೋನಿನ ಕೊನೆಯ ಎರಡು ಅಂಕಿ. ಹೊರಗಿನವರಿಗೆ ಅದು ಬರೀ ಅಂಕಿ. ಹೆತ್ತವಳಿಗೆ? ಮೂರು ದಿನ ಆ ಆರು ಅಂಕಿ ತಲೆಯಲ್ಲಿ ಕುಣಿದವು. ಶುಕ್ರವಾರ ಎಲ್ಲರೂ ಊಟಕ್ಕೆ ಹೋದಾಗ ಬೀರುವಿನ ಬೀಗ ತೆಗೆದಳು. ಬೆರಳು ಕಾರ್ಡುಗಳ ಅಂಚಿನ ಮೇಲೆ ಓಡಿತು, ನಿಂತಿತು. ಆ ಸಂಖ್ಯೆ ಅಲ್ಲಿತ್ತು. ಎಳೆದರೆ ಒಂದೇ ಕ್ಷಣ.

"ಯಾವ ಕಾರ್ಡ್ ಬೇಕಿತ್ತು ಮೇಡಂ?"

ಬಾಗಿಲಲ್ಲಿ ನಗುಮುಖ. ಆಕೆ ತಿರುಗಲಿಲ್ಲ. "ಎಷ್ಟು ಸಲ ಬಂದಿದ್ದಾಳೆ?"

"ಯಾರು ಮೇಡಂ?"

"ನಾಟಕ ಬೇಡ. ನಾನು ಅವಳ ಅಮ್ಮ."

"ಯಾರ ಅಮ್ಮ ಅಂತ ನಂಗೆ ಗೊತ್ತಾಗ್ತಿಲ್ಲ ಮೇಡಂ." ಅವನ ದನಿ ನಡುಗುತ್ತಿತ್ತು, ಆದರೆ ಮಾತು ಅಲುಗಲಿಲ್ಲ. ಯಾರು ಬಂದು ಕೇಳಿದರೂ, ಪೊಲೀಸರಾಗಲಿ, ಹೆತ್ತವರಾಗಲಿ, ಹೀಗೇ ಉತ್ತರಿಸಬೇಕೆಂದು ತರಬೇತಿಯಲ್ಲಿ ಅವನನ್ನು ತಿದ್ದಿ ತೀಡಿದವಳು ತಾನೇ. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂದೂ ಅನ್ನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬೀರು ಮುಚ್ಚಿದಳು. ಬೀಗದ ಕೈಯನ್ನು ಅವನ ಅಂಗೈಗೆ ತುರುಕಿದಳು. "ಇನ್ಮೇಲೆ ಇದು ನಿಮ್ಮ ಹತ್ರ ಇರಲಿ. ನಾನು ಕೇಳಿದ್ರೂ ಕೊಡಬೇಡಿ." ಹೇಳಿ ಹೊರಗೆ ನಡೆದಳು. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆ ಒಂದಿಷ್ಟೂ ಬರಲಿಲ್ಲ. ಬೀಗದ ಕೈಯೂ ಅವನ ಪಾಲಾಯಿತು ಎಂಬ ಸಂಕಟ ಮಾತ್ರ ಬಂತು.

ಭಾನುವಾರ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಹೆಗಲಿಗೆ ಹಳೆಯ ಟವೆಲು ಹೊದ್ದು ಕೂತಿದ್ದಳು. ಮಗಳು ಹಿಂದೆ ನಿಂತು ತಲೆಗೆ ಬಣ್ಣ ಹಚ್ಚುತ್ತಿದ್ದಳು. ತಿಂಗಳಿಗೊಮ್ಮೆಯ ಕೆಲಸ.

"ಅಲುಗಾಡಬೇಡಮ್ಮ, ಕಿವಿಗೆ ಹತ್ತುತ್ತೆ." ಬ್ರಷ್ಷನ್ನು ಬಟ್ಟಲಿಗೆ ಅದ್ದಿ, "ಅವತ್ತು ಮೆಟ್ಟಿಲ ಹತ್ರ ನಿಂಗೆ ಗೊತ್ತಾಗೋಯ್ತು, ಅಲ್ವಾ?"

"ಏನು ಗೊತ್ತಾಗಬೇಕಿತ್ತು?"

ಬ್ರಷ್ಷು ಎರಡು ಸಲ ಆಡಿತು. "ನಂಗೆ ಹುಡುಗೀರೇ ಇಷ್ಟ. ಒಬ್ಬಳಿದ್ದಾಳೆ. ಎರಡು ವರ್ಷ ಆಯ್ತು."

ಇಪ್ಪತ್ತಮೂರು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ತೆರೆಯಿತು. "ನೀನು ನನ್ನನ್ನ ನಂಬಿ ಇದನ್ನ ಹೇಳಿದ್ದಕ್ಕೆ..."

"ಬೇಡ!" ಮಗಳ ದನಿ ಒಡೆಯಿತು. "ಅದೊಂದು ಮಾತ್ರ ಹೇಳ್ಬೇಡ ಅಮ್ಮ. ನೀನು ಅದನ್ನ ಮನೇಲಿ ಗಟ್ಟಿಯಾಗಿ ಹೇಳ್ಕೊಂಡು ಓಡಾಡೋವಾಗ ನಂಗೆ ಆರು ವರ್ಷ. ಮುಂದಿನ ವಾಕ್ಯಾನೂ ನಂಗೆ ಬರುತ್ತೆ. ಅದಕ್ಕೇ ನಿನ್ನ ಹತ್ರ ಬರ್ಲಿಲ್ಲ. ನೀನು ಬೈತಿರಲಿಲ್ಲ, ಅಳ್ತಿರಲಿಲ್ಲ, ಎಲ್ಲಾ ಸರಿಯಾಗೇ ಹೇಳ್ತಿದ್ದೆ. ನಾನೂ ನಿನ್ನ ಕ್ಲಾಸಲ್ಲಿ ಕೂತ ಹಾಗೆ ಇರ್ತಿತ್ತು. ಲೈಬ್ರರೀಲಿ ಅವರ ಮುಂದೆ ನಾನು ಅತ್ತಾಗ ಅವರೂ ಅತ್ತುಬಿಟ್ರು, ಗೊತ್ತಾ?"

ತರಬೇತಿಯಲ್ಲಿ ಅಳಬಾರದು ಎಂದು ಹೇಳಿಕೊಟ್ಟಿದ್ದೆನಲ್ಲ ಅವನಿಗೆ ಎನ್ನಿಸಿತು ಆಕೆಗೆ. ಎದೆಯಲ್ಲಿ ಎಷ್ಟೋ ತಿಂಗಳಿಂದ ಕುದಿಯುತ್ತಿದ್ದದ್ದು ಉಕ್ಕಿ ಬಾಯಿಗೆ ಬಂತು. ತಡೆಯಲಿಲ್ಲ.

"ಹಾಗಾದ್ರೆ ಕೇಳು. ನಂಗೆ ಹೊಟ್ಟೆ ಉರೀತಿದೆ ಕಣೇ! ಹೋಗಿ ಹೋಗಿ ಆ ಹಲ್ಲುಗಿಂಜೋನ ಹತ್ರ ಹೇಳಿದೆಯಲ್ಲ! ನಾನೇನು ಸತ್ತುಹೋಗಿದ್ನಾ? ಎರಡು ವರ್ಷ! ಪಕ್ಕದಲ್ಲಿ ಕೂತು ಊಟ ಮಾಡಿದ್ದೀಯ, ಒಂದು ಮಾತಿಲ್ಲ. ಯಾವಳವಳು? ಎರಡು ವರ್ಷದಿಂದ ನಿನ್ನ ಮನಸ್ಸೆಲ್ಲ ತಿಳ್ಕೊಂಡೋಳು, ನಂಗೆ ಗೊತ್ತಿಲ್ಲದೋಳು? ಅವಳ ಮೇಲೂ ನಂಗೆ ಹೊಟ್ಟೆಕಿಚ್ಚು!"

ತರಬೇತಿಗೆ ಬಂದ ಯಾರಾದರೂ ಇಂಥ ಮಾತಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದಳು. ಬ್ರಷ್ಷು ನೆಲಕ್ಕೆ ಬಿತ್ತು. ಮಗಳು ಎರಡೂ ಕೈಯಿಂದ ಹಿಂದಿನಿಂದಲೇ ಅಮ್ಮನ ಕುತ್ತಿಗೆ ತಬ್ಬಿ, ಬಣ್ಣ ಮೆತ್ತಿದ ತಲೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಾಯಿಯೂ ಅತ್ತಳು, ಸ್ವಲ್ಪವೂ ಅಂದವಿಲ್ಲದೆ, ಮೂಗು ಸೋರಿಸಿಕೊಂಡು.

ಅಳು ಇಳಿದ ಮೇಲೆ ಮಗಳು ಹೇಳಿದಳು. "ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಮ್ಮ. ನಿಂಗೇನೇ, ಇಂಥ ಕೆಲಸ ಮಾಡೋ ಅಮ್ಮ ಇದ್ದಾಳೆ, ಎಲ್ಲಾ ಹೇಳ್ಕೋಬಹುದು ಅಂತಾಳೆ. ಹೇಳ್ಕೊಂಡಿಲ್ಲ ಅಂತ ಅವಳಿಗೆ ಹೇಳೋಕೆ ನಂಗೆ ನಾಚಿಕೆ ಆಗ್ತಿತ್ತು."

"ಅವಳ ಅಮ್ಮನಿಗೆ ಗೊತ್ತಾ?"

"ಗೊತ್ತಾಯ್ತು. ಮನೆಯಿಂದ ಆಚೆ ಹಾಕಿದ್ರು. ಹಾಸ್ಟೆಲ್‌ನಲ್ಲಿದ್ದಾಳೆ. ಭಾನುವಾರ ಅಲ್ಲಿ ಊಟ ಕೊಡಲ್ಲ."

ಆಕೆ ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡಳು. ಕಿವಿಯ ಹಿಂದಿನಿಂದ ಬಣ್ಣ ಇಳಿದು ಕುತ್ತಿಗೆಗೆ ಬರುತ್ತಿತ್ತು.

"ಮತ್ತೆ ನಿಂತು ನೋಡ್ತೀಯೇನೇ?" ಎಂದಳು. "ಫೋನ್ ಮಾಡು ಅವಳಿಗೆ. ನಾನು ತಲೆ ತೊಳ್ಕೊಂಡು ಅನ್ನಕ್ಕಿಡ್ತೀನಿ."