ಪಟ್ಟೆಯ ಮೇಲೆ ಒಣಹಾಕಿದ ಗೋವಿನಜೋಳ

ನಮ್ಮೂರ ಶಾಲೆಯ ಎದುರು ರಸ್ತೆ ದಾಟಲು ಬಳಿದ ಬಿಳಿ ಪಟ್ಟೆಗಳಿಗೆ ಯಜಮಾನ ಯಾರೆಂದು ಕೇಳಿ ನೋಡಿ. ಸರ್ಕಾರ ಅಂತ ಒಬ್ಬರೂ ಹೇಳುವುದಿಲ್ಲ, ಶಿದ್ರಾಮಪ್ಪ ಅನ್ನುತ್ತಾರೆ. ತುಬಚಿ ಕಡೆಯ ಈ ರಸ್ತೆ ಹೊಸ ಡಾಂಬರು ಕಂಡ ಮೇಲೆ ಕಬ್ಬಿನ ಟ್ರ್ಯಾಕ್ಟರು, ಬೈಕು ಎಲ್ಲವಕ್ಕೂ ರೆಕ್ಕೆ ಬಂದಿದ್ದವು. ಮಕ್ಕಳು ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಹೊಲದ ಕೆಲಸ ಬಿಟ್ಟು, ಚಪ್ಪಲಿ ಸವೆಯುವಷ್ಟು ಜಮಖಂಡಿಯ ಕಚೇರಿಗೆ ಅಲೆದು ಆ ಪಟ್ಟೆ ಬಳಿಸಿದವನು ಈ ರೈತ.

ಬಳಿಸಿದ ಮೇಲಾದರೂ ಸುಮ್ಮನೆ ಕೂತನೇ? ಶಾಲೆ ಬಿಡುವ ಹೊತ್ತಿಗೆ ಬಂದು ನಿಂತು, ಜೋರಾಗಿ ಬಂದವರ ಜನ್ಮ ಜಾಲಾಡುತ್ತಿದ್ದ.

“ಮಂದಿ ಪಟ್ಟಿ ಮ್ಯಾಲ ಕಾಲಿಟ್ರ ಗಾಡಿ ನಿಂದರಬೇಕಲೇ! ಹಾರ್ನ್ ಹೊಡದ್ರ ಆತೇನು? ಬ್ರೇಕ್ ಹೊಡಿ!”

ಮಕ್ಕಳನ್ನೂ ಬಿಡುತ್ತಿರಲಿಲ್ಲ. “ಮೊದಲ ಬಲಕ್ಕ ನೋಡ್ರಿ, ಆಮ್ಯಾಲ ಎಡಕ್ಕ, ಮತ್ತ ಬಲಕ್ಕ. ಓಡಬ್ಯಾಡ್ರಿ.”

ಇಂಥ ಮನುಷ್ಯ ಮಾಡಿದ ಕೆಲಸ ಹೇಳಲು ನನಗೇ ನಾಚಿಕೆಯಾಗುತ್ತದೆ.

ಸುಗ್ಗಿ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹೋದ ವರ್ಷ ಊರವರೆಲ್ಲ ಜಾಗ ಹಿಡಿದು ಗೋವಿನಜೋಳ ಒಣಹಾಕಿದ್ದರು. ಶಿದ್ರಾಮಪ್ಪನ ರಾಶಿ ತಡವಾಗಿ ಬಂತು, ಮೋಡ ಬೇರೆ ಕವಿದಿತ್ತು. ಖಾಲಿ ಉಳಿದದ್ದು ಶಾಲೆಯ ಮುಂದಿನ ಜಾಗ ಒಂದೇ. ಅಲ್ಲಿ ಹಾಕಿದರೆ ಶಿದ್ರಾಮಪ್ಪ ಬೈಯುತ್ತಾನೆಂದು ಉಳಿದವರಿಗೆ ಹೆದರಿಕೆ! “ಒಂದ ಬಿಸಲ ಕಂಡ ಕೂಡಲೆ ತಗದಬಿಡ್ತೇನಿ” ಎನ್ನುತ್ತ ಅವನೇ ಅಲ್ಲಿ ಸುರಿದ. ಪಟ್ಟೆಗಳೆಲ್ಲ ಮುಚ್ಚಿದವು. ಗಾಡಿ ಹತ್ತಬಾರದೆಂದು ಅಂಚಿಗೆ ಕಲ್ಲನ್ನೂ ಇಟ್ಟ.

ಮಧ್ಯಾಹ್ನ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ತಾರವ್ವ ಕೆಲಸ ಮುಗಿಸಿ ಮನೆಗೆ ಹೊರಟಳು. ಪಟ್ಟೆ ಇದ್ದಲ್ಲಿ ದಾಟಲಿಲ್ಲ. ರಾಶಿ ಮುಗಿಯುವವರೆಗೆ ನಡೆದು, ಎದುರಿನ ಗಾಡಿ ಕಾಣದ ತಿರುವಿನಲ್ಲಿ ರಸ್ತೆಗಿಳಿದಳು. ತಿರುವಿನಿಂದ ಬಂದ ಬೈಕು ಬಡಿದು ಅವಳ ಕಾಲು ಮುರಿಯಿತು.

ಓಡಿ ಬಂದವರಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಾಡಿದವನು ಶಿದ್ರಾಮಪ್ಪನೇ. ಬೈಕಿನ ಸಂಜಯ ಮುಧೋಳದವನು. ಶಿದ್ರಾಮಪ್ಪ ಅವನ ಕೊರಳಪಟ್ಟಿ ಹಿಡಿದು ಕೇಳಿದ, “ಸಾಲಿ ಮುಂದ ಪಟ್ಟಿ ಐತಿ, ಸಾವಕಾಶ ಬರಬೇಕಂತ ತಿಳಿಯಂಗಿಲ್ಲೇನಲೇ?”

“ಎಲ್ಲೈತ್ರಿ ಯಜಮಾನ್ರ, ಪಟ್ಟಿ?”

ಶಿದ್ರಾಮಪ್ಪ ತಿರುಗಿ ನೋಡಿದ. ಅವನ ಕೈ ತಾನಾಗಿಯೇ ಸಡಿಲವಾಯಿತು. ಸಂಜೆಯೊಳಗೆ ಅಷ್ಟೂ ಕಾಳನ್ನು ಬಾಚಿ ಒಯ್ದ. ಆದರೆ ತಪ್ಪು ತನ್ನದೆಂದು ಬಾಯಿ ಬಿಡಲಿಲ್ಲ. ರಸ್ತೆಗೆ ಕಾಳು ಹಾಕದವರು ಯಾರೂ ಇರಲಿಲ್ಲವಲ್ಲ, ಊರು ಸಂಜಯನನ್ನೇ ಬೈಯುತ್ತಿತ್ತು, ಇವನು ಬೈಯಲು ಬಿಟ್ಟ. ತಾರವ್ವನ ಓಣಿಗೆ ಹೋಗುವುದನ್ನೇ ನಿಲ್ಲಿಸಿದ. ಇಷ್ಟು ವರ್ಷ ಗಳಿಸಿದ ಹೆಸರು ಒಂದು ಮಾತಿಗೆ ಹೋಗುತ್ತದಲ್ಲ ಎಂಬ ಹೆದರಿಕೆ ಅವನಿಗೆ.

ಈ ವರ್ಷ ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ. ಹರ್ಷದಾ ಟೀಚರು ಬೇರೆ ಯಾರನ್ನು ಕರೆದಾರು? ಒಲ್ಲೆ ಎನ್ನಲು ಕಾರಣ ಹೇಳಬೇಕಲ್ಲ, ಹೇಳಲಾಗದೆ ಶಾಲೆಗೆ ಹೋದ. ಶಾಲು ಹೊದಿಸಿದರು. ಬಲಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಸೌಂದರ್ಯಾ ಎಂಬ ಪುಟ್ಟ ಹುಡುಗಿ ಎದ್ದು ನಿಂತಳು.

“ಅಜ್ಜಾರ, ಪಟ್ಟಿ ಮ್ಯಾಲ ಗೊಂಜಾಳ ಹಾಕಿದ್ರ ಎಲ್ಲಿ ದಾಟಬೇಕ್ರಿ?”

ಶಿದ್ರಾಮಪ್ಪ ಶಾಲು ತೆಗೆದು ಕುರ್ಚಿಯ ಮೇಲಿಟ್ಟ.

“ಅಲ್ಲೇ ದಾಟಬೇಕವ್ವ. ಕಾಳು ತುಳಕೊಂತ ದಾಟ್ರಿ. ಹ್ವಾದ ವರ್ಷ ಅದನ್ನ ಹಾಕಿದಾಂವ ನಾನು. ತಾರವ್ವನ ಕಾಲು ಮುರದಾಂವನೂ ನಾನ. ಆ ಬೈಕಿನ ಹುಡುಗನ ತಪ್ಪಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಕೋಲು ಊರಿ ನಿಂತಿದ್ದ ತಾರವ್ವ, ಇಷ್ಟು ದಿನ ಯಾರ ಮುಂದೆಯೂ ಆಡದ ಮಾತನ್ನು ಮೆಲ್ಲಗೆ ಆಡಿದಳು.

“ತುಳಿಯೂದು ಹ್ಯಾಂಗ್ರಿ ಅಣ್ಣಾರ? ಕಾಳು ಅಂದ್ರ ಲಕ್ಷ್ಮಿ. ನಿಮ್ಮನಿ ಲಕ್ಷ್ಮಿನ್ನ ಚಪ್ಪಲಿ ಕಾಲಿಲೆ ತುಳಿಬಾರದಂತ ಬಳಸಿ ಹ್ವಾದ್ನಿರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಮಾತಿಗೆ ಅವನ ತಲೆ ನೆಲ ನೋಡಿದ್ದು ಮತ್ತೆ ಏಳಲಿಲ್ಲ.

ಈಗಲೂ ಶಾಲೆ ಬಿಡುವ ಹೊತ್ತಿಗೆ ಬಂದು ನಿಲ್ಲುತ್ತಾನೆ. ಯಾರನ್ನೂ ಬೈಯುವುದಿಲ್ಲ. ತಾರವ್ವ ಕುಂಟುತ್ತ ಪಟ್ಟೆಗೆ ಕಾಲಿಟ್ಟರೆ ರಸ್ತೆಗಿಳಿದು ಗಾಡಿಗಳಿಗೆ ಕೈ ಅಡ್ಡ ಹಿಡಿಯುತ್ತಾನೆ. ಅವಳು ದಾಟಿ ಹೋಗುವವರೆಗೂ ಅವಳ ಮುಖ ಮಾತ್ರ ನೋಡುವುದಿಲ್ಲ.